ತೆಗೆದ ಕೂದಲು

ನಮ್ಮ ಮನೆಯಲ್ಲಿ ಯಾರ ಕಾಲಿಗೆ ಮುಳ್ಳು ಮುರಿದರೂ ಚಿಮಟಿಗೆ ಮಾತ್ರ ಸಿಗುತ್ತಿರಲಿಲ್ಲ. ಬಾಗಿಲ ಪಕ್ಕದ ಗೂಟದಲ್ಲಿ ಕೀಲಿಕೈಗಳ ಜೊತೆ ನೇತಾಡಬೇಕಾದ ವಸ್ತು ಅದು. ಅಪ್ಪ ಕುಂಟುತ್ತ ಬಂದು ಗೂಟ ತಡವುತ್ತಿದ್ದ, ಸಿಗದಿದ್ದಾಗ ಮನೆಮಂದಿಯನ್ನೆಲ್ಲ ಬೈಯುತ್ತಿದ್ದ. ಆಗ ಅವ್ವ, "ನೀವು ಕುಂದರ್ರಿ, ನಾ ಹುಡುಕಿ ಕೊಡ್ತೀನಿ" ಎಂದು ಒಳಗೆ ಹೋಗಿ, ಕಣ್ಣು ಮುಚ್ಚಿ ತೆರೆಯುವುದರೊಳಗೆ ಹಿಡಿದುಕೊಂಡು ಬರುತ್ತಿದ್ದಳು. ಅಪ್ಪ ಕಮಲಾಪುರದ ಶಾಲೆಯಲ್ಲಿ ಮಾಸ್ತರ. ಊರ ಹುಡುಗರ ಕಳ್ಳತನವನ್ನೆಲ್ಲ ಹಿಡಿಯುತ್ತಿದ್ದ ಮನುಷ್ಯನಿಗೆ, ಕಳೆದ ಚಿಮಟಿಗೆ ಯಾಕೆ ಪ್ರತಿಸಲ ಹೆಂಡತಿಗೇ ಸಿಗುತ್ತದೆ ಎಂಬ ಪ್ರಶ್ನೆ ಒಮ್ಮೆಯೂ ಹೊಳೆಯಲಿಲ್ಲ. ನನಗೆ ಹೊಳೆಯಿತು. ನಾನು ಹುಟ್ಟಿದ್ದೇ ಸಂಶಯದ ಸ್ವಭಾವದವಳು. ಎಂಬತ್ತರ ದಶಕದ ಆ ದಿನಗಳಲ್ಲಿ ನನಗೆ ಒಂಬತ್ತೋ ಹತ್ತೋ ವರ್ಷ.

ಇನ್ನೊಂದು ಸಂಶಯ ಬಚ್ಚಲಿನದು. ಅವ್ವ ಎಲ್ಲರಿಗಿಂತ ಮೊದಲು ಎದ್ದು ಬಚ್ಚಲಿಗೆ ಹೋಗಿ ಅಗಳಿ ಹಾಕಿಕೊಳ್ಳುತ್ತಿದ್ದಳು. ಹಾಸಿಗೆಯಲ್ಲೇ ಮಲಗಿ ನಾನು ಕಿವಿ ನಿಮಿರಿಸಿ ಕೇಳುತ್ತಿದ್ದೆ. ತಂಬಿಗೆಯ ಸದ್ದಿಲ್ಲ, ನೀರಿನ ಸದ್ದಿಲ್ಲ. ಸ್ನಾನ ಮಾಡದವರು ಬಚ್ಚಲಲ್ಲಿ ಅಷ್ಟು ಹೊತ್ತು ಏನು ಮಾಡುತ್ತಾರೆ? ಬಹಳ ಯೋಚಿಸಿ ಒಂದು ತೀರ್ಮಾನಕ್ಕೆ ಬಂದೆ: ಅವ್ವ ನಮ್ಮ ಕಣ್ಣು ತಪ್ಪಿಸಿ ಒಬ್ಬಳೇ ಶೇಂಗಾ ಉಂಡಿ ತಿನ್ನುತ್ತಿದ್ದಾಳೆ.

ಒಂದು ದಿನ ಎದ್ದು ಹೋಗಿ ಬಾಗಿಲ ಹಲಗೆಯ ಸಂದಿಗೆ ಕಣ್ಣು ಹಚ್ಚಿದೆ. ಉಂಡಿ ಇರಲಿಲ್ಲ. ಅವ್ವ ಹಂಡೆಯ ಪಕ್ಕ ಬಲ್ಬಿನ ಕೆಳಗೆ ಕುಳಿತಿದ್ದಳು. ಮೊಣಕಾಲ ಮೇಲೆ ಸಣ್ಣ ಕನ್ನಡಿ ಇತ್ತು, ಆದರೆ ಅವಳು ಅದನ್ನು ನೋಡುತ್ತಲೇ ಇರಲಿಲ್ಲ. ಕಣ್ಣು ಮುಚ್ಚಿಕೊಂಡು ಗದ್ದದ ಮೇಲೆ ಬೆರಳ ತುದಿ ಆಡಿಸುತ್ತಿದ್ದಳು. ಬೆರಳು ಒಂದು ಕಡೆ ನಿಲ್ಲುತ್ತಿತ್ತು, ಅಲ್ಲಿಗೆ ಚಿಮಟಿಗೆ ಬರುತ್ತಿತ್ತು, ಮುಖ ಕಿವುಚಿಕೊಳ್ಳುತ್ತಿತ್ತು. ಮತ್ತೆ ಬೆರಳು ಹೊರಡುತ್ತಿತ್ತು.

ನನ್ನ ಉಸಿರಿನ ಸದ್ದು ಕೇಳಿಸಿತೋ ಏನೋ, ಧಡಕ್ಕನೆ ಬಾಗಿಲು ತೆರೆಯಿತು. ರಟ್ಟೆ ಹಿಡಿದು ನನ್ನನ್ನು ಒಳಗೆಳೆದುಕೊಂಡಳು.

"ಹಂಗೇನ್ ನೋಡ್ತಿ?"

"ಅವ್ವಾ, ನೀ ಗಂಡಸಾಗಾಕತ್ತೀಯೇನು?" ಎಂದೆ. ನಿಜವಾಗಿ ಹೆದರಿ ಕೇಳಿದ ಮಾತು ಅದು.

ಕಪಾಳಕ್ಕೆ ಒಂದು ಬಿತ್ತು. ಹೊಡೆದವಳು ತಾನೇ ಸೆರಗು ಬಾಯಿಗೆ ಒತ್ತಿಕೊಂಡು ಅತ್ತಳು. ಆಮೇಲೆ ಕಣ್ಣೊರೆಸಿಕೊಂಡು, "ಯಾರ ಮುಂದೂ ಅನಬ್ಯಾಡ. ಅಪ್ಪನ ಮುಂದೂ ಬ್ಯಾಡ. ನಿಮ್ಮ ಅತ್ತಿ ಮುಂದಂತೂ ಬಾಯಿ ಬಿಚ್ಚಬ್ಯಾಡ. ಆಣಿ ಮಾಡು" ಎಂದಳು. ಆಣೆ ಮಾಡಿದೆ. ಅಡುಗೆಮನೆಗೆ ಕರೆದೊಯ್ದು ಮೇಲಿನ ಡಬ್ಬಿಯಿಂದ ಉಂಡಿ ತೆಗೆದುಕೊಟ್ಟಳು. ಮನೆಯಲ್ಲಿ ಉಂಡಿ ಇದೆ ಎಂಬ ನನ್ನ ಸಂಶಯವಾದರೂ ಸುಳ್ಳಾಗಲಿಲ್ಲ.

ಅಂದಿನಿಂದ ಅವ್ವನ ಎಲ್ಲ ನಡೆಗಳ ಅರ್ಥ ನನಗೆ ತಿಳಿಯತೊಡಗಿತು. ಅವಳು ಮಾತಾಡುವಾಗ ಸೆರಗಿನ ಚುಂಗು ಗದ್ದಕ್ಕೆ ಹಿಡಿದಿರುತ್ತಿದ್ದಳು. ಊರಲ್ಲಿ ಅದನ್ನು ಮರ್ಯಾದೆ ಎನ್ನುತ್ತಿದ್ದರು. ಮಾಸ್ತರ ಹೆಂಡತಿ ಎಷ್ಟು ನಾಚಿಕೆಯ ಹೆಣ್ಣುಮಗಳು, ಗಂಡಸರ ಎದುರು ಬಾಯಿ ಕಾಣಗೊಡುವುದಿಲ್ಲ ಎಂದು ಸೊಸೆಯಂದಿರಿಗೆ ತೋರಿಸಿ ಹೇಳುತ್ತಿದ್ದರು. ನಮ್ಮ ಮನೆಯ ಏಕೈಕ ಗುಂಪು ಫೋಟೋದಲ್ಲೂ ಅವಳ ಬಲಗೈ ಗದ್ದದ ಮೇಲಿದೆ. ಸ್ಟುಡಿಯೋದವನು ಮೂರು ಸಲ ಕೈ ಇಳಿಸಿ ಎಂದಿದ್ದನಂತೆ. ನನ್ನನ್ನೂ ಅವಳು ನಂಬುತ್ತಿರಲಿಲ್ಲ. ಸುಮ್ಮನೆ ಅವಳ ಕಡೆ ತಿರುಗಿದರೂ ಸಾಕು, "ಹಂಗೇನ್ ನೋಡ್ತಿ? ನೋಡಬ್ಯಾಡ" ಎಂದು ಮುಖ ತಿರುಗಿಸುತ್ತಿದ್ದಳು.

ಅವಳ ಭಯವೆಲ್ಲ ಇದ್ದದ್ದು ಅತ್ತೆಯದು. ಅತ್ತೆ ಎಂದರೆ ಅಪ್ಪನ ತಂಗಿ. ಕಲಬುರಗಿಯ ಜೇವರ್ಗಿ ಕಾಲೋನಿಯಲ್ಲಿ ಅವಳ ಮನೆ, ಗಂಡನಿಗೆ ಆಫೀಸಿನ ನೌಕರಿ. ತಿಂಗಳಿಗೊಮ್ಮೆ ತವರಿಗೆ ಬಂದು, ಕೆಂಪು ಬಾಳೆಹಣ್ಣಿನ ಗೊನೆಯ ಜೊತೆಗೆ ಊರಿನ ಸುದ್ದಿಯನ್ನೂ ಕಟ್ಟಿಕೊಂಡು ಹೋಗುತ್ತಿದ್ದಳು. ಅವ್ವನನ್ನು ಕಂಡ ಕೂಡಲೇ ಅವಳ ಮೊದಲ ಮಾತು, "ವೈನೀ, ಹಿಂಗ ಬೆಳಕಿಗಿ ಬರ್ರಿ, ಮಾರಿ ಯಾಕೋ ಸಣ್ಣಾಗ್ಯದ ನೋಡೂನು." ಅವ್ವ ಒಲೆ ನೋಡುವ ನೆಪದಲ್ಲಿ ಹೊಗೆಯ ಒಳಗೆ ಹೋಗಿಬಿಡುತ್ತಿದ್ದಳು. ಅತ್ತೆಗೆ ಏನೋ ವಾಸನೆ ಹತ್ತಿದೆ ಎಂದು ನನಗೆ ಆಗಲೇ ಅನ್ನಿಸಿತ್ತು.

ಹೀಗಿದ್ದೂ, ತೊಂಬತ್ತರ ದಶಕದ ನಡುವೆ ನಾನು ಕಲಬುರಗಿಯ ಚಿತ್ರಕಲಾ ಶಾಲೆಗೆ ಸೇರಿದಾಗ ಇರಬೇಕಾಗಿ ಬಂದದ್ದು ಅದೇ ಅತ್ತೆಯ ಮನೆಯಲ್ಲಿ. ಊರು ಬಿಡುವ ದಿನ ಅವ್ವ ಬಸ್ ಸ್ಟ್ಯಾಂಡಿನಲ್ಲಿ ಹೇಳಿದ್ದು ಓದಿನ ಬಗ್ಗೆಯಲ್ಲ. "ಆಣಿ ನೆನಪದ ಅಲ್ಲ?" ಎಂದಳು, ಅಷ್ಟೇ.

ಅತ್ತೆ ಕೆಟ್ಟವಳೆಂದು ಹೇಳಲಾರೆ. ಬಿಸಿ ರೊಟ್ಟಿ ಹಾಕಿದಳು, ಬಟ್ಟೆಗೆ ಇಸ್ತ್ರಿ ಮಾಡಿಸಿದಳು. ಆದರೆ ನನ್ನ ಪೆಟ್ಟಿಗೆಯಲ್ಲಿ ಮಡಿಚಿಟ್ಟ ಬಟ್ಟೆ ಬೇರೆ ಮಡಿಕೆಯಲ್ಲಿ ಇರುತ್ತಿತ್ತು. ನನ್ನ ಮೇಲ್ತುಟಿಯ ಮೇಲೆ ಕಪ್ಪು ಗೆರೆ ಮೂಡತೊಡಗಿದ್ದನ್ನು ಮೊದಲು ಕಂಡವಳೂ ಅವಳೇ. ಒಂದು ಸಂಜೆ ಸೂಪರ್ ಮಾರ್ಕೆಟ್ಟಿನಲ್ಲಿ ಸೀರೆಯಂಗಡಿಯ ಮೇಲಿನ ಬ್ಯೂಟಿ ಪಾರ್ಲರಿಗೆ ಕರೆದೊಯ್ದಳು. ಪರದೆಯ ಹಿಂದಿನ ಹುಡುಗಿ ಹಲ್ಲಲ್ಲಿ ದಾರ ಕಚ್ಚಿ, "ಪೂರಾ ತಗೀಲೇನ್ರೀ?" ಎಂದಳು. "ಪೂರಾ ತಗಿ" ಎಂದಳು ಅತ್ತೆ. ಕಣ್ಣಲ್ಲಿ ನೀರು ಬಂತು. ಕೆಳಗಿಳಿದು ಆಟೋ ಹತ್ತಿದ ಮೇಲೆ ಅತ್ತೆ ಹೊರಗೆ ನೋಡುತ್ತ, ಬಹಳ ಸಹಜವಾಗಿ ಕೇಳಿದಳು:

"ಇದು ನಮ್ಮ ಮನಿತನದಾಗ ಇಲ್ಲ ನೋಡು. ನಿಮ್ಮವ್ವಗ ಅವ ಏನು?"

"ಇಲ್ಲರೀ ಅತ್ತಿ."

"ಗದ್ದಕ್ಕ?"

"ಎಲ್ಲೂ ಇಲ್ಲರೀ."

ಅತ್ತೆ ಮತ್ತೇನೂ ಕೇಳಲಿಲ್ಲ. ಕೇಳದೆ ಬಿಟ್ಟದ್ದೇ ನನಗೆ ಹೆಚ್ಚು ಸಂಶಯ ತಂದಿತು.

ಶಾಲೆಯ ಕೊನೆಯ ವರ್ಷ ಹೊರಗಿನಿಂದ ಒಬ್ಬ ಕಲಾವಿದೆ ಬಂದರು. ಕೋಣೆ ಕತ್ತಲು ಮಾಡಿ ಗೋಡೆಯ ಮೇಲೆ ಸ್ಲೈಡು ತೋರಿಸಿದರು. ಹೆಂಗಸರ ಕಂಕುಳು, ಹೆಂಗಸರ ಮೊಣಕಾಲು, ಹೊಕ್ಕುಳ ಕೆಳಗಿನ ಸಣ್ಣ ಕಪ್ಪು ಸಾಲು, ಎಲ್ಲವೂ ಬಾಗಿಲಿನಷ್ಟು ದೊಡ್ಡವು. ಒಂದರಲ್ಲಿ ಪಾರ್ಲರಿನಲ್ಲಿ ಕೂದಲು ಕಿತ್ತು ಬಿಸಾಡಿದ ಮೇಣದ ಪಟ್ಟಿಗಳನ್ನೇ ಹೊಲಿದು ಕುಪ್ಪಸ ಮಾಡಿದ್ದರು. ಹಿಂದಿನ ಬೆಂಚಿನ ಹುಡುಗರು ಕೆಮ್ಮಿನ ನೆಪದಲ್ಲಿ ನಕ್ಕರು. ನಾವು ನಾಲ್ಕು ಜನ ಹುಡುಗಿಯರು ಒಬ್ಬರನ್ನೊಬ್ಬರು ನೋಡದೆ ಕುಳಿತೆವು. ಆಕೆ ದೀಪ ಹಾಕಿ, "ನಿಮ್ಮ ಮನೆಯಲ್ಲಿ ಏನನ್ನು ಮುಚ್ಚಿಡುತ್ತಾರೋ ಅದನ್ನೇ ಬಿಡಿಸಿ" ಎಂದರು.

ನನಗೆ ಮೈಯೆಲ್ಲ ಉರಿಯಿತು. ನಿಮಗೇನು ತಾಯಿ, ತೋರಿಸಿ ಸಂಜೆಯ ರೈಲು ಹತ್ತುತ್ತೀರಿ. ನಾನು ಸಿಟಿ ಬಸ್ಸು ಹಿಡಿದು ಜೇವರ್ಗಿ ಕಾಲೋನಿಗೆ ಹೋಗಬೇಕು, ಅತ್ತೆಯ ಎದುರು ಕುಳಿತು ಊಟ ಮಾಡಬೇಕು. ಇಷ್ಟಕ್ಕೂ ಈಕೆ ತನ್ನ ತಾಯಿಯ ಮೈ ತೋರಿಸಿದ್ದಾಳೋ, ಯಾರೋ ಬಡವರದೋ? ಹೀಗೆಲ್ಲ ಮನಸ್ಸಿನಲ್ಲೇ ಜಗಳ ಆಡಿದೆ. ಆದರೆ ಆ ಮಾತು ತಲೆಯಿಂದ ಇಳಿಯಲಿಲ್ಲ.

ಹಬ್ಬದ ರಜೆಗೆ ಊರಿಗೆ ಹೋದಾಗ ಅವ್ವ ನಾಲ್ಕು ದಿನದ ಜ್ವರದಿಂದ ಎದ್ದಿದ್ದಳು. ಚಿಮಟಿಗೆ ಗೂಟದಲ್ಲೇ ನೇತಾಡುತ್ತಿತ್ತು, ಅಂದರೆ ಅವಳು ಮುಟ್ಟಿಲ್ಲ. ಒಲೆಯ ಮುಂದೆ ಜೋಳದ ರೊಟ್ಟಿ ಬಡಿಯುತ್ತಿದ್ದಳು. ರೊಟ್ಟಿ ಬಡಿಯಲು ಎರಡೂ ಕೈ ಬೇಕು. ಅವಳ ಗದ್ದಕ್ಕೆ ಕೈಯಾಗಲೀ ಸೆರಗಾಗಲೀ ಇಲ್ಲದ ಹೊತ್ತು ದಿನದಲ್ಲಿ ಅದೊಂದೇ. ಬೆಂಕಿಯ ಬೆಳಕಲ್ಲಿ ಏಳು ಕೂದಲು ಸ್ಪಷ್ಟವಾಗಿ ಕಂಡವು. ಕಂಬದ ಮರೆಯಲ್ಲಿ ಕುಳಿತು ಚಿತ್ರದ ಪುಸ್ತಕ ತೆರೆದೆ.

"ಏನ್ ತಗೀಲಾಕತ್ತಿ?" ಎಂದಳು ಬೆನ್ನಿಗೂ ಕಣ್ಣಿದ್ದವಳು. ನಮ್ಮ ಕಡೆ ಚಿತ್ರವನ್ನು ಯಾರೂ ಬಿಡಿಸುವುದಿಲ್ಲ, ತೆಗೆಯುತ್ತೇವೆ.

"ಒಲಿ ತಗೀಲಾಕತ್ತೀನಿ."

"ಒಲಿ ನೋಡ್ಲಾಕ ನನ್ನ ಮಾರಿ ಕಡೀಗ್ಯಾಕ ನೋಡ್ತಿ? ನೋಡಬ್ಯಾಡ."

ಸುಳ್ಳು ಹೇಳಿಯೇ ತೆಗೆದೆ. ಈಗಲೂ ಆ ಸುಳ್ಳು ನನ್ನನ್ನು ಚುಚ್ಚುತ್ತದೆ. ಕದ್ದು ನೋಡುವುದರಲ್ಲಿ ಅತ್ತೆಗೂ ನನಗೂ ಏನು ವ್ಯತ್ಯಾಸ? ಅತ್ತೆ ನನ್ನ ಪೆಟ್ಟಿಗೆಯೊಳಗೆ ಕೈ ಹಾಕಿದಳು, ನಾನು ಅವ್ವನ ಮುಖಕ್ಕೇ ಕೈ ಹಾಕಿದೆ.

ಕಲಬುರಗಿಗೆ ಮರಳಿ ಶಾಲೆಯಲ್ಲೇ ಕುಳಿತು ಅದನ್ನು ದೊಡ್ಡ ಹಾಳೆಗೆ ಏರಿಸಿದೆ. ಅವ್ವನ ಮುಖ ಕೆಳಗಿನಿಂದ, ಮೂಗಿನ ಹೊಳ್ಳೆ, ಬಿಗಿದ ತುಟಿ, ಎಲ್ಲಕ್ಕಿಂತ ಮುಂದೆ ಗದ್ದ. ಏಳೂ ಕೂದಲನ್ನು ಪೆನ್ಸಿಲ್ ಒತ್ತಿ ಎಳೆದೆ. ಆದರೆ ಹೆದರಿ, ಒಂದನ್ನೂ ತುದಿಯ ತನಕ ಒಯ್ಯದೆ ಅರ್ಧಕ್ಕೇ ನಿಲ್ಲಿಸಿದೆ. ಹಾಳೆಯನ್ನು ಮನೆಗೆ ಒಯ್ಯದೆ ಶಾಲೆಯ ಕಪಾಟಿನ ಹಿಂದೆ ಅಡಗಿಸಿಟ್ಟೆ.

ನಮ್ಮ ಸರ್ ಕಡಿಮೆ ಮಾತಿನವರು. ಅವರ ಕೈಗೆ ಅದು ಹೇಗೋ ಸಿಕ್ಕಿತು. ಹಾಳೆಯನ್ನು ಕಿಟಕಿಗೆ ಹಿಡಿದು ಬಹಳ ಹೊತ್ತು ನೋಡಿದರು.

"ಛಲೋ ಬಂದದ. ಆದ್ರ ಈ ಗದ್ದದ ಕೂದಲ ನೆಟ್ಟಗ ತಗಿ. ಹಿಂಗ ಅರ್ಧಮರ್ಧ ಬಿಟ್ರ ನಡ್ಯಾಂಗಿಲ್ಲ. ಪ್ರದರ್ಶನಕ್ಕ ಇದನ್ನೇ ಇಡೂನು."

ಇಷ್ಟು ಹೇಳಿ ಹೊರಟುಹೋದರು. ನನ್ನ ಕಿವಿಯಲ್ಲಿ ಉಳಿದದ್ದು ಒಂದೇ: ಕೂದಲು ತಗಿ. ಪಾರ್ಲರಿನಲ್ಲಿ ಅತ್ತೆ ಹೇಳಿದ ಮಾತು, ಅದೇ ಶಬ್ದ. ಅರೆ, ಸ್ಲೈಡಿನ ದಿನ ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದ ಮನುಷ್ಯ ಇವರೇ ಅಲ್ಲವೇ? ಊರ ಹೊರಗಿನವರ ಕಂಕುಳು ಕಲೆ, ನಮ್ಮವ್ವನ ಗದ್ದ ಮಾತ್ರ ಅಸಹ್ಯ. ಸಿಟ್ಟಿನ ಬೆನ್ನಿಗೇ ಸಂಶಯ ಎದ್ದಿತು. ಸರ್ ಅವರ ಮನೆಯವರೂ ಅತ್ತೆಯೂ ಒಂದೇ ಭಜನಾ ಮಂಡಳಿಯವರು. ಅತ್ತೆಯೇ ಯಾವುದೋ ದಾರಿಯಿಂದ ಸುದ್ದಿ ತಿಳಿದು ಹೇಳಿಸಿರಬೇಕು. ಮನೆತನದ ಮಾನ ಉಳಿಸಲು ಅವಳು ಕಂಡುಕೊಂಡ ದಾರಿ ಇದು. ಆ ರಾತ್ರಿ ಊಟದಲ್ಲಿ ಅತ್ತೆ ಎರಡು ಸಲ ತುಪ್ಪ ಬಡಿಸಿದ್ದನ್ನೂ ನಾನು ಸಾಕ್ಷಿಯೆಂದೇ ತಿಳಿದೆ.

ಮರುದಿನ ರಬ್ಬರು ತೆಗೆದುಕೊಂಡು ಏಳೂ ಕೂದಲನ್ನು ಉಜ್ಜಿ ಹಾಕಿದೆ. ಸಿಟ್ಟಿನಿಂದ ಉಜ್ಜಿದೆ ಎಂದು ಎಷ್ಟೋ ಜನರಿಗೆ ಹೇಳಿದ್ದೇನೆ, ಅದು ಪೂರ್ತಿ ನಿಜವಲ್ಲ. ಉಜ್ಜುತ್ತ ಹೋದಂತೆ ಎದೆ ಹಗುರಾಯಿತು. ಇನ್ನು ಆಣೆ ಮುರಿಯುವುದಿಲ್ಲ, ಇನ್ನು ಅತ್ತೆಗೆ ಏನೂ ಕಾಣುವುದಿಲ್ಲ. ತಪ್ಪು ಸರ್ ಅವರ ತಲೆಗೆ, ನೆಮ್ಮದಿ ನನಗೆ. ಪೆನ್ಸಿಲ್ ಒತ್ತಿ ಎಳೆದ ಕಡೆ ಕಾಗದದಲ್ಲಿ ಸಣ್ಣ ಗೀರುಗಳು ಉಳಿದವು. ಕಣ್ಣಿಗೆ ಕಾಣದಷ್ಟು ಸಣ್ಣವು, ಹಾಗಾಗಿ ಬಿಟ್ಟುಬಿಟ್ಟೆ.

ಪ್ರದರ್ಶನದ ದಿನ ಹಾಲಿನಲ್ಲಿ ಜನ ತುಂಬಿದ್ದರು. ನಮ್ಮ ತರಗತಿಯ ಒಬ್ಬ ಹುಡುಗಿ ಮೇಣದ ಪಟ್ಟಿಗಳನ್ನು ಬಟ್ಟೆ ಒಣಹಾಕುವ ಹಗ್ಗಕ್ಕೆ ಕ್ಲಿಪ್ಪು ಹಾಕಿ ತೂಗಿಬಿಟ್ಟಿದ್ದಳು. ಜನ ಅದರ ಕೆಳಗೆ ಬಗ್ಗಿ ಹಾದುಹೋಗುತ್ತಿದ್ದರು, ತಲೆಗೆ ತಾಗೀತೆಂದು ಹೆಂಗಸರು ಸೆರಗು ಹೊದ್ದುಕೊಳ್ಳುತ್ತಿದ್ದರು. ನನ್ನ ಚಿತ್ರ ಮೂಲೆಯ ಹಲಗೆಯ ಮೇಲೆ ನಾಲ್ಕು ಬೋರ್ಡ್ ಪಿನ್ನಿನಲ್ಲಿತ್ತು. ಕೆಳಗೆ 'ಅವ್ವ' ಎಂದು ಚೀಟಿ. ಬೋಳು ಗದ್ದದ, ಯಾರ ತಕರಾರೂ ಇಲ್ಲದ ಚಿತ್ರ. ಎಲ್ಲರೂ ಚೆನ್ನಾಗಿದೆ ಎಂದು ಮುಂದೆ ಹೋಗುತ್ತಿದ್ದರು.

ಆಗ ಬಾಗಿಲಲ್ಲಿ ಅತ್ತೆ ಕಂಡಳು. ಅವಳ ಹಿಂದೆ ಸೆರಗಿನ ಚುಂಗು ಗದ್ದಕ್ಕೆ ಹಿಡಿದ ಅವ್ವ. ನಾನು ಅವ್ವನನ್ನು ಕರೆದಿರಲೇ ಇಲ್ಲ. ಭಜನಾ ಮಂಡಳಿಯಲ್ಲಿ ಸುದ್ದಿ ಸಿಕ್ಕಿರಬೇಕು, ಅತ್ತೆ ಕಮಲಾಪುರಕ್ಕೆ ಹೇಳಿ ಕಳಿಸಿ, ಅವ್ವನಿಗೆ ಬಚ್ಚಲ ಅಗಳಿ ಹಾಕಿಕೊಳ್ಳಲೂ ಹೊತ್ತು ಸಿಗದ ನಸುಕಿನ ಬಸ್ಸಿಗೆ ಕರೆಸಿಕೊಂಡಿದ್ದಳು.

"ಮಗಳು ನಿಮ್ಮ ಚಿತ್ರ ತಗದಾಳ, ನೀವು ನೋಡಬ್ಯಾಡೇನು ವೈನೀ?" ಎಂದಳು ಅತ್ತೆ, ನನ್ನ ಮುಖವನ್ನೇ ನೋಡುತ್ತ.

ಅವ್ವ ಚಿತ್ರದ ಎದುರು ಬಂದು ನಿಂತಳು. ಮೊದಲು ನೋಡಿದ್ದು ಗದ್ದವನ್ನೇ. ಅವಳ ಭುಜ ಇಳಿದದ್ದು ನನಗೆ ಕಾಣಿಸಿತು. ನನ್ನ ಕಡೆ ತಿರುಗಿ ಕಣ್ಣಲ್ಲೇ, ಆಣೆ ಉಳಿಸಿದಿ ಎಂದಳು. ಅಲ್ಲಿಗೆ ಎಲ್ಲ ಮುಗಿಯುತ್ತಿತ್ತು, ಸರ್ ಆ ಹೊತ್ತಿಗೆ ಅಲ್ಲಿಗೆ ಬರದಿದ್ದರೆ.

"ಏನವಾ, ಕೂದಲ ತಗಿ ಅಂತ ಹೇಳಿದ್ದೆ. ಯಾಕ ತಗದಿಲ್ಲ?"

"ತಗದೀನಲ್ರೀ ಸರ್."

"ಎಲ್ಲಿ ತಗದಿ? ಒಂದೂ ಕಾಣವಲ್ದು."

"ತಗದೀನಿ ಅಂತನೇ ಕಾಣಂಗಿಲ್ಲರೀ."

ಸರ್ ಚಿತ್ರ ನೋಡಿದರು, ನನ್ನನ್ನು ನೋಡಿದರು. ಆಮೇಲೆ ಹಣೆಗೆ ಕೈ ಹಚ್ಚಿದರು. "ಅಯ್ಯ ಹುಡುಗಿ! ತಗಿ ಅಂದ್ರ ಅಳಿಸು ಅಂತಲ್ಲ. ನೆಟ್ಟಗ, ಪೂರಾ ಬರಿ ಅಂದೆ. ಆ ಏಳು ಕೂದಲಿನಾಗೇ ಇತ್ತು ಚಿತ್ರ."

'ತಗಿ' ಎಂಬುದು ಹುಟ್ಟಿನಿಂದ ನಾನು ಆಡಿದ ಮಾತು. ಒಲೆ ತಗಿ, ಹೂವು ತಗಿ ಎಂದಾಗ ಒಮ್ಮೆಯೂ ತಪ್ಪು ತಿಳಿಯದವಳು, ಕೂದಲು ಎಂಬ ಶಬ್ದ ಪಕ್ಕಕ್ಕೆ ಬಂದ ಕೂಡಲೇ ರಬ್ಬರು ಹುಡುಕಿದ್ದೆ.

"ಯಾವ ಕೂದಲರೀ ಸರ್?" ಅತ್ತೆ ಮುಂದೆ ಬಂದಳು.

ಸರ್ ಚಿತ್ರದಿಂದ ಅವ್ವನ ಮುಖಕ್ಕೆ ಕಣ್ಣು ಹೊರಳಿಸಿದರು. ಅವರಿಗೆ ಅವ್ವ ಯಾರೆಂದು ಆಗಷ್ಟೇ ಹೊಳೆದಿರಬೇಕು. ನಾನು ಸುಳ್ಳು ಹೇಳಲು ಬಾಯಿ ತೆರೆದೆ. ಯಾವ ಸುಳ್ಳೂ ಬರಲಿಲ್ಲ. ಅಷ್ಟರಲ್ಲಿ ಅವ್ವ ಚಿತ್ರಕ್ಕೆ ಇನ್ನೂ ಹತ್ತಿರ ಸರಿದಳು. ಕಣ್ಣು ಮುಚ್ಚಿಕೊಂಡಳು. ಬೆರಳ ತುದಿಯನ್ನು ಕಾಗದದ ಗದ್ದದ ಮೇಲೆ ಇಟ್ಟು ಮೆಲ್ಲಗೆ ಆಡಿಸಿದಳು. ಬಚ್ಚಲಲ್ಲಿ ಆಡಿಸುತ್ತಿದ್ದ ಬೆರಳು ಅದು. ಒಂದು ಕಡೆ ನಿಂತಿತು, ಮುಂದೆ ಹೋಯಿತು, ಮತ್ತೆ ನಿಂತಿತು. ಏಳು ಕಡೆ ನಿಂತಿತು.

ಒಲೆ ತೆಗೆಯುತ್ತೇನೆಂದು ನಾನು ಹೇಳಿದ ಸುಳ್ಳು ಈಗ ಅವಳ ಬೆರಳಿಗೆ ಸಿಕ್ಕಿತ್ತು. ಅವಳು ಕಣ್ಣು ತೆರೆದು ನನ್ನನ್ನು ನೋಡಿದ ನೋಟವನ್ನು ನಾನು ಸಾಯುವ ತನಕ ಮರೆಯಲಾರೆ. ಸಿಟ್ಟು ಇತ್ತು, ನೋವೂ ಇತ್ತು.

"ನನಗ ಹೇಳದಽ ತಗದಿ. ಮತ್ತ ನಾಚಿಕಿ ಬಂದು ಉಜ್ಜಿದಿ" ಎಂದಳು. "ನಾ ಅಂತೂ ದಿನಾ ನಾಚ್ಕೋತೀನಿ. ನೀ ಯಾಕವಾ ನಾಚ್ಕೊಂಡಿ ನಂದು ನೋಡಿ?"

ನನಗೆ ಅಳು ಬಂತು, ತಡೆಯಲಿಲ್ಲ.

ಅವ್ವ ಅತ್ತೆಯ ಕಡೆ ತಿರುಗಿದಳು. "ಯಾವ ಕೂದಲ ಅಂದ್ರಲ್ಲ. ನನ್ನವು. ಇಪ್ಪತ್ತು ವರ್ಷದಿಂದ ನೀವು ಬೆಳಕಿಗಿ ಬಾ ಅಂತ ಕರಿಯೋದು ಇದಕ್ಕಽ ಅಲ್ಲೇನು?"

ಅತ್ತೆ ಒಂದು ಹೆಜ್ಜೆ ಹಿಂದೆ ಸರಿದಳು. ಅವಳು ಅವ್ವನನ್ನು ಅಂದು ಯಾಕೆ ಕರೆಸಿದಳು, ಹಿಡಿದುಕೊಡಲೋ, ಮಗಳ ಚಿತ್ರ ತಾಯಿ ನೋಡಲಿ ಎಂಬ ಬರೀ ಪ್ರೀತಿಗೋ, ನನಗೆ ಇಂದಿಗೂ ಗೊತ್ತಿಲ್ಲ. ಆಮೇಲೆ ಕೇಳಿದಾಗಲೆಲ್ಲ ಪ್ರೀತಿಗೆ ಎನ್ನುತ್ತಿದ್ದಳು. ನಾನು ಪೂರ್ತಿ ನಂಬಿಲ್ಲ.

ಅವ್ವ ಸರ್ ಅವರ ಜೇಬಿನ ಪೆನ್ಸಿಲಿನತ್ತ ಕೈ ಮಾಡಿದಳು. ಅವರು ಕೊಟ್ಟರು. ಅದನ್ನು ನನ್ನ ಕೈಗಿಟ್ಟು ಟ್ಯೂಬ್‌ಲೈಟಿನ ಕೆಳಗೆ ಬಂದು ನಿಂತಳು. ಸೆರಗನ್ನು ಗದ್ದದಿಂದ ಬಿಟ್ಟು ನಡುವಿಗೆ ಸಿಕ್ಕಿಸಿಕೊಂಡಳು. ಮುಖ ಮೇಲೆತ್ತಿದಳು. ಸುತ್ತ ಜನ ಸೇರತೊಡಗಿದ್ದರು. ಅವಳ ಕತ್ತಿನ ನರ ಹೊಡೆದುಕೊಳ್ಳುತ್ತಿತ್ತು.

"ನೋಡು" ಎಂದಳು. "ಛಂದಂಗ ನೋಡಿ ತಗಿ."

ಹುಟ್ಟಿದಾಗಿನಿಂದ ನೋಡಬ್ಯಾಡ ಎಂದವಳು. ನಾನು ಕಣ್ಣೊರೆಸಿಕೊಂಡು ನೋಡಿದೆ. ಮೊದಲು ಕಾಗದದ ಗೀರುಗಳ ಮೇಲೆ ಏಳನ್ನೂ ಮತ್ತೆ ಎಳೆದೆ. ಅವ್ವ ಬಗ್ಗಿ ನೋಡಿ, "ಒಂದು ಬಿಟ್ಟೀದಿ. ಇಲ್ಲಿ ಕೆಳಗೊಂದು ಬರ್ತದ, ಅದು ಬೆರಳಿಗಷ್ಟ ಸಿಗ್ತದ" ಎಂದು ನನ್ನ ಬೆರಳು ಹಿಡಿದು ತನ್ನ ಗದ್ದದ ಅಡಿಗೆ ಮುಟ್ಟಿಸಿದಳು. ಸಿಕ್ಕಿತು. ಅದನ್ನು ಎಳೆಯುವಾಗ ಗೆರೆ ಸೊಟ್ಟಗಾಯಿತು. ರಬ್ಬರಿಗಾಗಿ ಅತ್ತಿತ್ತ ನೋಡಿದೆ.

"ಇರಲಿ ಬಿಡು" ಎಂದಳು ಅವ್ವ. "ಅದು ಖರೇನೂ ಸೊಟ್ಟನೇ ಅದ."